ಬಿಜಿಎ ಕೆಳಗೆ ಯಾವಾಗಲೂ ಒಂದೇ ಕಡೆ ಶಾರ್ಟ್ ತೋರಿಸುತ್ತಿದೆ

ಚಾಕಣ್‌ನ ನಿಮ್ಮ ಲೈನಿನಲ್ಲಿ ಎಕ್ಸ್-ರೇ ತಪಾಸಣೆ ಮಷಿನ್ ಪ್ರತಿ ಬೋರ್ಡಿಗೂ ಬಿಜಿಎಯ (ಅಡಿಯಲ್ಲಿ ಸೋಲ್ಡರ್ ಬಾಲ್ ಇರುವ ಚಿಪ್) ಅದೇ ಎರಡು ಬಾಲ್ ನಡುವೆ ಶಾರ್ಟ್ ತೋರಿಸುತ್ತಿದೆ, ಮೀಟರ್ ಹಿಡಿದರೆ ಏನೂ ಇಲ್ಲ ಅಂದಿದ್ದೀರಿ. ಬಹುಶಃ ಹಿಂಬದಿಯ ಕೆಪಾಸಿಟರ್‌ನ ನೆರಳು ಅಡ್ಡ ಬರುತ್ತಿದೆ. ನೇರ ಮೇಲಿನಿಂದ ತೆಗೆದ ಎಕ್ಸ್-ರೇ ಚಿತ್ರದಲ್ಲಿ ಬೋರ್ಡಿನ ಎರಡೂ ಬದಿ ಒಂದರ ಮೇಲೊಂದು ಬೀಳುತ್ತವೆ. ಸೋಲ್ಡರ್‌ನ ತವರ ಕಿರಣವನ್ನು ಜಾಸ್ತಿ ಹೀರುವುದರಿಂದ ಕಪ್ಪಾಗಿ ಕಾಣುತ್ತದೆ. ಸಾಫ್ಟ್‌ವೇರ್ ಅಳೆಯುವುದು ಆ ಕಪ್ಪು-ಬಿಳುಪಿನ ಮಟ್ಟವನ್ನೇ. ಅದು ಮೇಲಿನದೋ ಕೆಳಗಿನದೋ ಎಂದು ಒಂದೇ ಚಿತ್ರದಿಂದ ತಿಳಿಯುವುದಿಲ್ಲ.

ಮೊದಲು ಹಿಂಬದಿಯ ಗರ್ಬರ್ (ಬೋರ್ಡಿನ ವಿನ್ಯಾಸದ ಫೈಲ್) ತೆರೆದು, ಅದೇ ಜಾಗದಲ್ಲಿ ಏನಿದೆ ನೋಡಿ. ಹಿಂಬದಿ ಆದ್ದರಿಂದ ಎಡ-ಬಲ ತಿರುವಿ ನೋಡಬೇಕು, ಇಲ್ಲಿ ಎಲ್ಲರೂ ಎಡವುತ್ತಾರೆ. ಆಮೇಲೆ ಡಿಟೆಕ್ಟರ್ ಓರೆ ಮಾಡಿ ಮತ್ತೊಂದು ಚಿತ್ರ ತೆಗೆಯಿರಿ. ಕಪ್ಪು ಕಲೆ ಬಾಲ್‌ಗಳಿಂದ ಪಕ್ಕಕ್ಕೆ ಸರಿದರೆ ಕಾರಣ ಹಿಂಬದಿಯ ಆ ನೆರಳೇ. ಆ ಎರಡು ಬಾಲ್‌ಗಳನ್ನು ಓರೆ ಕೋನದಲ್ಲೇ ಪರೀಕ್ಷಿಸುವಂತೆ ಪ್ರೋಗ್ರಾಂ ಬದಲಿಸಿ.

ನಿಮ್ಮದು 3ಡಿ ಮಷಿನ್ ಆಗಿದ್ದರೆ ಸ್ಲೈಸ್ ಎತ್ತರ (ಯಾವ ಪದರದ ಚಿತ್ರ ತೆಗೆಯುತ್ತಿದೆ ಎಂಬುದು) ನೋಡಿ. ಭೋಸರಿಯಲ್ಲಿ ನಮಗೆ ಆಗಿದ್ದು ಇದೇ: ಬೋರ್ಡ್ ಸ್ವಲ್ಪ ಬಾಗಿ, ಸ್ಲೈಸ್ ಬೇರೆ ಪದರಕ್ಕೆ ಹೋಗಿತ್ತು.

ದಯವಿಟ್ಟು ಸುಮ್ನೆ ಥ್ರೆಶೋಲ್ಡ್ (ಶಾರ್ಟ್ ಎಂದು ತೀರ್ಮಾನಿಸುವ ಮಿತಿ) ಸಡಿಲ ಮಾಡಬೇಡಿ, ನಿಜವಾದ ಶಾರ್ಟ್ ಕೂಡ ದಾಟಿ ಹೋಗುತ್ತದೆ. ಕಲೆ ಸರಿಯದಿದ್ದರೆ ಒಂದು ಬೋರ್ಡ್ ಕ್ರಾಸ್ ಸೆಕ್ಷನ್ (ಕತ್ತರಿಸಿ ಒಳಗೆ ನೋಡುವುದು) ಮಾಡಿಸಿ.