ಗಲಿಪೊಲಿಯಲ್ಲಿ ಕಷ್ಟಪಟ್ಟ ಅಟ್ಲಿ, ಆ ಯುದ್ಧಕ್ಕೆ ಒತ್ತಾಯಿಸಿದ ಚರ್ಚಿಲ್ ಜತೆ ಹೇಗೆ ಕೆಲಸ ಮಾಡಿದರು?

ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಬ್ರಿಟನ್ ಕಂಡ ಸೋಲಿಗೆ, ಮುಂದೆ ಬ್ರಿಟನ್ ಪ್ರಧಾನಿಯಾದ ಕ್ಲೆಮೆಂಟ್ ಅಟ್ಲಿ ಚರ್ಚಿಲ್‌ರನ್ನು ದೂರಲಿಲ್ಲ, ಇಬ್ಬರೂ ಜತೆಯಾಗಿ ಕೆಲಸ ಮಾಡಲು ಅದೇ ಮುಖ್ಯ ಕಾರಣ. ಯೋಜನೆ ಸರಿಯಾಗಿಯೇ ಇತ್ತು, ಅದನ್ನು ನಡೆಸಿದ ರೀತಿ ಕೆಟ್ಟಿತು ಎಂಬುದು ಅವರ ನಂಬಿಕೆ.

ಇದು ದೂರದಿಂದ ನೋಡಿ ಹೇಳಿದ ಮಾತಲ್ಲ. 1915ರಲ್ಲಿ ಅವರು ಅಲ್ಲಿ ಒಂದು ತುಕಡಿಯ ನಾಯಕ. ಆಮಶಂಕೆ ಬಂದು ಆಸ್ಪತ್ರೆ ಸೇರಿದ್ದರಿಂದ ಆಗಸ್ಟ್‌ನ ಭೀಕರ ಕದನದಲ್ಲಿ ಅವರು ಇರಲಿಲ್ಲ. ಅದರಲ್ಲಿ ಅವರ ಜತೆಗಾರರು ಎಷ್ಟೋ ಜನ ಸತ್ತರು. ಡಿಸೆಂಬರ್‌ನಲ್ಲಿ ಸೇನೆ ಗಲಿಪೊಲಿಯ ಸುವ್ಲಾ ಕೊಲ್ಲಿಯಿಂದ ಹಿಂದೆ ಸರಿದಾಗ ಕೊನೆಯವರೆಗೂ ಕಾವಲು ನಿಂತದ್ದು ಇವರ ತುಕಡಿ. ದಡ ಬಿಟ್ಟವರಲ್ಲಿ ಕೊನೆಯಿಂದ ಎರಡನೆಯವರು ಅಟ್ಲಿ! ಮುಂದಿನ ವರ್ಷ ಮೆಸೊಪೊಟೇಮಿಯಾದಲ್ಲಿ, ಅಂದರೆ ಇಂದಿನ ಇರಾಕ್‌ನಲ್ಲಿ, ಗಾಯಗೊಂಡರು. ಮೇಜರ್ ಆಗಿ ಸೇನೆ ಬಿಟ್ಟರು.

ಆಮೇಲಿನ ದಾರಿ ನಿಧಾನದ್ದು. 1919ರಲ್ಲಿ ಲಂಡನ್ನಿನ ಬಡ ಬಡಾವಣೆ ಸ್ಟೆಪ್ನಿಯ ಮೇಯರ್, 1922ರಲ್ಲಿ ಸಂಸದ, 1935ರಲ್ಲಿ ಲೇಬರ್ ಪಕ್ಷದ ನಾಯಕ. ಜನ ಆಗಲೂ 'ಮೇಜರ್ ಅಟ್ಲಿ' ಅಂತಲೇ ಕರೆಯುತ್ತಿದ್ದರು.

1940ರಲ್ಲಿ ಚರ್ಚಿಲ್ ಪ್ರಧಾನಿಯಾಗಿ ಎಲ್ಲ ಪಕ್ಷಗಳ ಸರ್ಕಾರ ಕಟ್ಟಿದಾಗ ಆ ಹಳೇ ನಂಬಿಕೆ ಕೆಲಸಕ್ಕೆ ಬಂತು. ರಾಜಕೀಯದಲ್ಲಿ ಇಬ್ಬರೂ ಎದುರಾಳಿಗಳೇ, ಆದರೆ ಯುದ್ಧದ ವಿಷಯದಲ್ಲಿ ಚರ್ಚಿಲ್‌ಗೆ ತಿಳಿವಳಿಕೆ ಇದೆ ಎಂದು ಅಟ್ಲಿ ಮನಸಾರೆ ಒಪ್ಪಿದ್ದರು. 1942ರಿಂದ ಉಪಪ್ರಧಾನಿ. ಚರ್ಚಿಲ್ ವಿದೇಶಕ್ಕೆ ಹೋದಾಗ ಸಂಪುಟ ಸಭೆ ನಡೆಸುತ್ತಿದ್ದುದೂ ಇವರೇ. ನನಗಂತೂ ಈ ಅನುಭವವೇ ದೊಡ್ಡದು ಅನ್ನಿಸುತ್ತದೆ. 1945ರ ಚುನಾವಣೆಯಲ್ಲಿ ಅದೇ ಚರ್ಚಿಲ್‌ರನ್ನು ಸೋಲಿಸಿ ಪ್ರಧಾನಿಯಾದಾಗ ಸರ್ಕಾರ ನಡೆಸುವುದು ಅಟ್ಲಿಯವರಿಗೆ ಹೊಸದಾಗಿರಲಿಲ್ಲ.