ಯಾವ ಚರ್ಮಕ್ಕೆ ಎಷ್ಟು ಹೊತ್ತು ಹಬೆ, ಯಾವ ಸೊಪ್ಪು?

ಹಣೆ, ಮೂಗು ಸದಾ ಜಿಡ್ಡು, ಕೆನ್ನೆ ಮಾತ್ರ ಚಳಿಗಾಲದಲ್ಲಿ ಬಿರಿಯುತ್ತದೆ ಅಂದಿದ್ದೀರಿ. ಹಾಸನದ ಮನೆಯಲ್ಲೇ ತುಳಸಿ, ಬೇವು ಹಾಕಿ ದಿನಾ ಹಬೆ ತಗೊಳ್ಳಬಹುದಾ, ಯಾವ ಚರ್ಮಕ್ಕೆ ಯಾವ ಸೊಪ್ಪು ಅಂತ ಕೇಳಿದ್ದೀರಿ. ದಿನಾ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಪ್ಪಿನ ಮಾತು ಆಮೇಲೆ, ಯಾಕಂದ್ರೆ ಎಷ್ಟು ಹೊತ್ತು, ಎಷ್ಟು ದೂರ ಅನ್ನುವುದು ಸೊಪ್ಪಿಗಿಂತ ಜಾಸ್ತಿ ಮುಖ್ಯ.

ನಾನು ಚಿಕ್ಕಮಗಳೂರಿನವಳು. ಒಂದು ಪಾರ್ಲರ್‌ನಲ್ಲಿ ಏಳು ವರ್ಷ ಕೆಲಸ ಮಾಡಿದ್ದೇನೆ. ಅಲ್ಲಿ ಬಂದವರಿಗೆಲ್ಲ ಒಂದೇ ಲೆಕ್ಕ, ಹತ್ತು ನಿಮಿಷ ಹಬೆ. ಚರ್ಮ ನೋಡುವವರೇ ಇರಲಿಲ್ಲ. ನಾನೂ ಅದೇ ಸರಿ ಅಂದುಕೊಂಡು ಮನೆಯಲ್ಲಿ ನಮ್ಮ ಅತ್ತಿಗೆಗೆ ವಾರಕ್ಕೆರಡು ಸಲದಂತೆ ಒಂದು ತಿಂಗಳು ಹಬೆ ಕೊಟ್ಟೆ, ಮಗಳ ಮದುವೆ ಹತ್ತಿರ ಇತ್ತು, ಮುಖ ಕಳೆಕಳೆಯಾಗಿರಲಿ ಅಂತ. ಅವರಿಗೆ ಕೆನ್ನೆಯ ಮೇಲೆ ತೆಳುವಾಗಿ ಬಂಗು ಇತ್ತು. ತಿಂಗಳ ಕೊನೆಗೆ ನೋಡಿದರೆ ಕಣ್ಣಿನ ಕೆಳಗಿಂದ ಮೂಗಿನ ಪಕ್ಕದವರೆಗೆ ಕಾಫಿ ಚೆಲ್ಲಿದ ಹಾಗೆ ಕಂದು ಗುರುತು. ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಬಂಗಿಗೆ ಬಿಸಿಲಷ್ಟೇ ಅಲ್ಲ, ಬಿಸಿಯೂ ಆಗಿಬರುವುದಿಲ್ಲ, ಒಲೆ ಮುಂದೆ ಜಾಸ್ತಿ ಹೊತ್ತು ನಿಲ್ಲುವವರಿಗೂ ಹೀಗಾಗಬಹುದು ಅಂದರು. ಅತ್ತಿಗೆ ನನಗೆ ಒಂದು ಮಾತೂ ಅನ್ನಲಿಲ್ಲ. ಮದುವೆ ಫೋಟೋ ನೋಡಿದಾಗಲೆಲ್ಲ ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಾಗಾಗಿ ಬಂಗು ಇದ್ದವರು ಹಬೆಯ ಕಡೆ ಹೋಗಲೇಬೇಡಿ. ಮುಖ ಸುಮ್ಮಸುಮ್ಮನೆ ಕೆಂಪಾಗಿ ಉರಿಯುವವರು, ಇಸುಬು ಇದ್ದವರು, ಕೀವು ತುಂಬಿದ ಮೊಡವೆ ಇರುವವರು ಕೂಡ ಬೇಡ. ಮೊಡವೆಗೆ ಅಂತ ಡಾಕ್ಟರ್ ಕೊಟ್ಟ ರೆಟಿನಾಯ್ಡ್ ಕ್ರೀಮ್ ಹಚ್ಚುತ್ತಿದ್ದರೆ ಅವರನ್ನು ಕೇಳದೆ ಮಾಡಬೇಡಿ, ಆ ಕ್ರೀಮಿಗೆ ಚರ್ಮ ಮೊದಲೇ ಒಣಗಿ ನಾಜೂಕಾಗಿರುತ್ತದೆ.

ಹಬೆ ಮಾಡುವ ಕೆಲಸ ಏನು? ರಂಧ್ರ ಬಾಗಿಲಿನ ಹಾಗೆ ತೆರೆಯುತ್ತದೆ, ತಣ್ಣೀರು ಹಾಕಿದರೆ ಮುಚ್ಚುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಹಾಗೇನೂ ಇಲ್ಲ. ಬಿಸಿಗೆ ಒಳಗಿನ ಜಿಡ್ಡು ಮೆತ್ತಗಾಗುತ್ತದೆ, ಮೇಲಿನ ಸತ್ತ ಚರ್ಮ ನೆನೆಯುತ್ತದೆ, ರಕ್ತ ಓಡಾಡಿ ಮುಖ ಸ್ವಲ್ಪ ಹೊತ್ತು ಹೊಳೆಯುತ್ತದೆ. ಅಷ್ಟೇ. ಮೂಗಿನ ಮೇಲಿನ ಬ್ಲ್ಯಾಕ್‌ಹೆಡ್ ಸಡಿಲ ಆಗುವುದೂ ಇದರಿಂದಲೇ. ಆದರೆ ನೆನೆದ ಚರ್ಮವನ್ನು ಹಾಗೇ ಬಿಟ್ಟರೆ ಆ ನೀರು ಆರುವಾಗ ಚರ್ಮ ಮೊದಲಿಗಿಂತ ಜಾಸ್ತಿ ಒಣಗುತ್ತದೆ. ನಿಮ್ಮ ಕೆನ್ನೆಗೆ ತೊಂದರೆ ಆಗುವುದು ಇಲ್ಲೇ, ಅದರಲ್ಲೂ ಡಿಸೆಂಬರ್, ಜನವರಿಯ ಒಣ ಗಾಳಿಯಲ್ಲಿ.

ಈಗ ಸೊಪ್ಪು. ಒಂದು ವಿಷಯ ತಿಳಿದುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ಘಮ ಇರುವ ಸೊಪ್ಪಿನ ಘಮದ ಎಣ್ಣೆ ಮಾತ್ರ ಹಬೆಯ ಜೊತೆ ಮೇಲೆ ಬರುತ್ತದೆ. ತುಳಸಿ, ಪುದೀನ, ದೊಡ್ಡಪತ್ರೆ, ಮಜ್ಜಿಗೆಹುಲ್ಲು ಈ ಜಾತಿಯವು. ಬೇವಿನ ಕಹಿ, ಅರಿಶಿನದ ಬಣ್ಣ, ಲೋಳೆಸರದ ಲೋಳೆ ಇವೆಲ್ಲ ಪಾತ್ರೆಯಲ್ಲೇ ಉಳಿಯುತ್ತವೆ. ಬೇವು ಹಾಕಿ ಹಬೆ ತಗೊಂಡರೆ ನಿಮಗೆ ಸಿಗುವುದು ಬಹುಮಟ್ಟಿಗೆ ಬರೀ ನೀರಿನ ಹಬೆ. ಬೇವು ಬೇಕೇ ಬೇಕು ಅಂದರೆ ಅದೇ ನೀರನ್ನು ಆರಿಸಿ, ಸೋಸಿ ಮುಖ ತೊಳೆಯಿರಿ.

ಎಣ್ಣೆ ಚರ್ಮಕ್ಕೆ ತುಳಸಿ ಅಥವಾ ಪುದೀನ, ಒಂದು ಹಿಡಿ ಸಾಕು. ಐದರಿಂದ ಏಳು ನಿಮಿಷ, ವಾರಕ್ಕೆ ಒಂದೇ ಸಲ. ಒಣ ಚರ್ಮದವರಿಗೆ ಗುಲಾಬಿ ದಳ ಅಥವಾ ಗ್ರಂಧಿಗೆ ಅಂಗಡಿಯಲ್ಲಿ ಸಿಗುವ ಲಾವಂಚದ ಬೇರು, ಮೂರು ನಿಮಿಷ ಮೀರದ ಹಾಗೆ, ಹದಿನೈದು ದಿನಕ್ಕೊಮ್ಮೆ. ಇದರ ಘಮ ಮನಸ್ಸಿಗೆ ಹಿತ, ಅದಕ್ಕಿಂತ ದೊಡ್ಡ ಗುಣ ಹೇಳಿದರೆ ಸುಳ್ಳಾಗುತ್ತದೆ. ಸೂಕ್ಷ್ಮ ಚರ್ಮಕ್ಕೆ ಏನೂ ಹಾಕಬೇಡಿ, ಬರೀ ನೀರು, ಅದೂ ದೂರದಿಂದ ಎರಡು ನಿಮಿಷ. ತುಳಸಿ, ಪುದೀನ ಕೂಡ ಕೆಲವರಿಗೆ ಚುರುಗುಟ್ಟುತ್ತವೆ. ನೆಗಡಿಗೆ ಹಾಕುವ ನೀಲಗಿರಿ ಎಣ್ಣೆ, ನೋವಿನ ಮುಲಾಮು ಇವನ್ನು ಮುಖದ ಹಬೆಗೆ ಯಾರೂ ಹಾಕಬಾರದು, ಕಣ್ಣು ಉರಿಯುತ್ತದೆ.

ಸೊಪ್ಪು ಎಲ್ಲಿಂದ ಕೀಳುತ್ತೀರಿ ಅನ್ನುವುದನ್ನೂ ನೋಡಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ತೋಟಕ್ಕೆ ಬೋರ್ಡೋ ಹೊಡೆಯುತ್ತಾರೆ, ಮೈಲುತುತ್ತ ಸುಣ್ಣ ಕಲಸಿದ್ದು. ಅಡಿಕೆ ಮರದ ಬುಡದಲ್ಲಿ ಬೆಳೆದ ದೊಡ್ಡಪತ್ರೆಯ ಮೇಲೆ ತಿಳಿ ನೀಲಿ ಚುಕ್ಕೆ ಒಣಗಿ ಕೂತಿರುತ್ತದೆ, ತೊಳೆದರೂ ಎಲೆಯ ಮೇಲಿನ ಸಣ್ಣ ರೋಮದ ಮಧ್ಯೆ ಉಳಿಯುತ್ತದೆ. ಅದು ಬೇಡ. ಅಂಗಡಿಯ ಗುಲಾಬಿಯೂ ಬೇಡ, ಔಷಧಿ ಹೊಡೆದಿರುತ್ತಾರೆ. ಕುಂಡದಲ್ಲಿ ನೀವೇ ಬೆಳೆಸಿದ್ದು ಒಳ್ಳೆಯದು.

ಮಾಡುವ ರೀತಿ ಹೇಳುತ್ತೇನೆ. ಮುಖ ತೊಳೆದಿರಬೇಕು, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿರಬೇಕು. ಒಂದು ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಸೊಪ್ಪು ಹಾಕಿ ಮುಚ್ಚಿ ಎರಡು ಮೂರು ನಿಮಿಷ ಬಿಡಿ. ಒಲೆಯ ಮೇಲೇ ಬಗ್ಗಬೇಡಿ. ಪಾತ್ರೆಯನ್ನು ಅಲ್ಲಾಡದ ಮೇಜಿನ ಮೇಲೆ ಇಡಿ, ತೊಡೆಯ ಮೇಲೆ, ಹಾಸಿಗೆಯ ಮೇಲೆ ಅಲ್ಲ, ಮಕ್ಕಳು ಹತ್ತಿರ ಇರಬಾರದು. ನಮ್ಮೂರು ಸಾವಿರ ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 96-97 ಡಿಗ್ರಿಗೇ ಕುದಿಯುತ್ತದೆ, ಹಾಗಂತ ಹಬೆ ಸುಡುವುದು ಕಮ್ಮಿ ಅಂದುಕೊಳ್ಳಬೇಡಿ. ಹಬೆ ಚರ್ಮಕ್ಕೆ ತಾಗಿ ನೀರಾಗುವಾಗ ತನ್ನೊಳಗಿನ ಬಿಸಿಯನ್ನೆಲ್ಲ ಅಲ್ಲೇ ಬಿಟ್ಟುಬಿಡುತ್ತದೆ. ಮೊದಲು ಮುಂಗೈ ಒಳಭಾಗ ಹಿಡಿದು ಹತ್ತು ಎಣಿಸಿ. ತಡೆಯಲಾಗದಿದ್ದರೆ ಮುಖಕ್ಕೂ ಬೇಡ. ಮುಖಕ್ಕೂ ಪಾತ್ರೆಗೂ ನಡುವೆ ಎಣ್ಣೆ ಚರ್ಮಕ್ಕೆ ಒಂದೂವರೆ ಗೇಣು, ಉಳಿದವರಿಗೆ ಒಂದು ಮೊಳ ಇರಲಿ. ತಲೆಗೆ ಟವೆಲ್ ಹೊದ್ದು ಕಣ್ಣು ಮುಚ್ಚಿಕೊಳ್ಳಿ, ಉಸಿರು ಕಟ್ಟಿದ ಹಾಗಾದರೆ ತಕ್ಷಣ ಟವೆಲ್ ತೆಗೆಯಿರಿ.

ಆಮೇಲೆ ಉಜ್ಜಬೇಡಿ, ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಮುಖ ಇನ್ನೂ ಪಸೆ ಪಸೆ ಇರುವಾಗಲೇ ಕ್ರೀಮ್ ಹಚ್ಚಿ, ಎರಡು ಮೂರು ನಿಮಿಷದೊಳಗೆ. ಮೊಡವೆ ಬರುವ ಮುಖಕ್ಕೆ ಕೊಬ್ಬರಿ ಎಣ್ಣೆ ಬೇಡ, ರಂಧ್ರ ಕಟ್ಟುತ್ತದೆ. ಮೂಗಿನ ಬ್ಲ್ಯಾಕ್‌ಹೆಡ್‌ನ ಉಗುರಲ್ಲಿ ಹಿಂಡಬೇಡಿ, ಗುರುತು ಉಳಿಯುತ್ತದೆ.

ನಿಮ್ಮದು ಎರಡೂ ಸೇರಿದ ಚರ್ಮ. ಇಡೀ ಮುಖಕ್ಕೆ ಹಬೆ ಕೊಟ್ಟರೆ ಮೂಗಿಗೆ ಸರಿ ಅನ್ನಿಸುವಷ್ಟರಲ್ಲಿ ಕೆನ್ನೆ ಸೋತಿರುತ್ತದೆ. ಅದಕ್ಕೆ ಟವೆಲ್ ಹೊದೆಯುವುದನ್ನೇ ಬಿಡಿ. ತುಳಸಿ ಹಾಕಿದ ಬಿಸಿ ನೀರು ಕೈ ತಡೆಯುವಷ್ಟು ಆರಲಿ. ಹಳೆಯ ಪಂಚೆಯ ತುಂಡನ್ನು ಅದರಲ್ಲಿ ಅದ್ದಿ, ಹಿಂಡಿ, ಮುಂಗೈ ಮೇಲೆ ಇಟ್ಟು ನೋಡಿ, ಆಮೇಲೆ ಹಣೆ, ಮೂಗು, ಗದ್ದದ ಮೇಲೆ ಮಾತ್ರ ಇಟ್ಟುಕೊಳ್ಳಿ. ಅರ್ಧ ನಿಮಿಷಕ್ಕೆ ತಣ್ಣಗಾಗುತ್ತದೆ, ಮತ್ತೆ ಅದ್ದಿ, ಹೀಗೆ ಐದಾರು ಸಲ. ಶುರು ಮಾಡುವ ಮೊದಲೇ ಕೆನ್ನೆಗೆ ಕ್ರೀಮ್ ಹಚ್ಚಿರಿ. ವಾರಕ್ಕೊಮ್ಮೆ, ಭಾನುವಾರ ರಾತ್ರಿ ಮಾಡಿ, ಮುಗಿಸಿ ಬಿಸಿಲಿಗೆ ಹೋಗುವ ಗೋಜಿರುವುದಿಲ್ಲ. ಮೂರು ವಾರ ನೋಡಿ. ಕೆನ್ನೆ ಎಳೆದ ಹಾಗೆ ಅನ್ನಿಸಿದರೆ, ಉರಿದರೆ, ಬಟ್ಟೆಯನ್ನೂ ಬಿಟ್ಟು ಕ್ರೀಮ್ ಒಂದನ್ನೇ ಮುಂದುವರಿಸಿ.