ಗೊತ್ತಿರುವ ಕೊನೆಯ ಸಾಲಿನಿಂದ ಕೇಳು

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಸರ್ಕಾರಿ ಕಾಲೇಜಿನಲ್ಲಿ ಪ್ರಥಮ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲ. ಒಂದು ದಿನ ಧೈರ್ಯ ಮಾಡಿ ಎದ್ದು ನಿಂತು ‘ಅರ್ಥ ಆಗ್ಲಿಲ್ಲ ಸರ್’ ಅಂದೆ. ‘ಏನು ಅರ್ಥ ಆಗ್ಲಿಲ್ಲ?’ ಅಂದರು. ಹೇಳಲು ಬರಲಿಲ್ಲ. ಕ್ಲಾಸಿನಲ್ಲಿ ಕೆಲವರು ನಕ್ಕರು. ಆಮೇಲೆ ಬಾಯಿ ಬಿಟ್ಟಿಲ್ಲ. ಅಪ್ಪ ಅಮ್ಮ ಓದಿದವರಲ್ಲ. ಆರ್ಟ್ಸ್‌ಗೆ ಬದಲಾಯಿಸಿಕೊಂಡುಬಿಡಲೇ?
– ಒಬ್ಬ ವಿದ್ಯಾರ್ಥಿನಿ, ಹಾವೇರಿ ಜಿಲ್ಲೆ

ಉತ್ತರ (ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರಿಂದ): ಮಗಳೇ, ನಕ್ಕವರ ವಿಷಯ ಮೊದಲು ಹೇಳಿಬಿಡುತ್ತೇನೆ. ಅವರಿಗೂ ಅರ್ಥ ಆಗಿರಲಿಕ್ಕಿಲ್ಲ. ಒಂಬತ್ತನೇ ತರಗತಿಯಲ್ಲಿ ಕಲಿತ ಚಲನೆಯ ಸಮೀಕರಣಗಳನ್ನೇ ಪಿಯುಸಿಯಲ್ಲಿ ಕ್ಯಾಲ್ಕುಲಸ್ ಎಂಬ, ಬದಲಾವಣೆಯನ್ನು ಲೆಕ್ಕ ಹಾಕುವ ಗಣಿತದಿಂದಲೂ ಸಾಧಿಸುತ್ತಾರೆ. ಆದರೆ ಗಣಿತದ ಕ್ಲಾಸಿನಲ್ಲಿ ಅದರ ಒಂದು ಭಾಗವಾದ ಅವಕಲನ (ಡಿಫರೆನ್ಶಿಯೇಷನ್) ಬರುವುದು ವರ್ಷದ ಕೊನೆಯ ಹೊತ್ತಿಗೆ, ಉದ್ದನೆಯ ಎಸ್ ಥರದ ಚಿಹ್ನೆಯ ಅನುಕಲನ (ಇಂಟಿಗ್ರೇಷನ್) ಬರುವುದು ದ್ವಿತೀಯ ಪಿಯುಸಿಯಲ್ಲಿ. ಕಲಿಸದ ಗಣಿತ ಫಿಸಿಕ್ಸಿನ ಬೋರ್ಡಿನ ಮೇಲೆ ಮೊದಲೇ ಬಂದು ಕೂತಿರುತ್ತದೆ. ಇಂಗ್ಲಿಷ್ ಮಾಧ್ಯಮದ ಮಕ್ಕಳೂ ಅಲ್ಲಿ ತಡವರಿಸುವುದನ್ನು ನಾನು ಪ್ರತಿ ವರ್ಷ ನೋಡಿದ್ದೇನೆ.

ಇನ್ನು ನಿಮ್ಮ ಸರ್ ಕೇಳಿದ ‘ಏನು ಅರ್ಥ ಆಗ್ಲಿಲ್ಲ?’ ಎಂಬ ಮಾತು. ಅದು ಗದರಿಕೆ ಇರಬಹುದು, ಇಲ್ಲದೆಯೂ ಇರಬಹುದು. ಆದರೆ ಪ್ರಶ್ನೆ ಸರಿಯಾದದ್ದೇ. ಪೂರ್ತಿ ಪಾಠ ಅರ್ಥವಾಗಲಿಲ್ಲ ಎಂದರೆ ಎಂಥ ಮೇಷ್ಟ್ರಿಗೂ ಎಲ್ಲಿಂದ ಶುರು ಮಾಡಬೇಕೋ ತಿಳಿಯುವುದಿಲ್ಲ. ಹಾಗಾಗಿ ಉತ್ತರವನ್ನು ನೀನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗು. ಸಂಜೆ ನೋಟ್ಸ್ ತೆಗೆದು ಒಂದೊಂದೇ ಸಾಲು ಓದುತ್ತಾ ಬಾ. ಎಲ್ಲಿ ಕೈ ನಿಲ್ಲುತ್ತದೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡು. ಮರುದಿನ ಕೇಳಬೇಕಾದ್ದು ಅಷ್ಟೇ: ‘ಸರ್, ವೇಗ ಬದಲಾಗುವ ದರವೇ ಆಕ್ಸಿಲರೇಷನ್ ಅನ್ನೋವರೆಗೆ ಗೊತ್ತಾಯ್ತು. ಮುಂದಿನ ಸಾಲಿನಲ್ಲಿ ಉದ್ದನೆಯ ಎಸ್ ಥರದ ಚಿಹ್ನೆ ಬಂತಲ್ಲ, ಅದು ಯಾಕೆ ಬಂತು?’ ಇದಕ್ಕೆ ಎರಡು ನಿಮಿಷದ ಉತ್ತರ ಸಾಕು. ಎರಡು ನಿಮಿಷ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ.

ಕನ್ನಡದಲ್ಲೇ ಕೇಳು. ಇಂಗ್ಲಿಷಿನಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಪ್ರಶ್ನೆಯೇ ಮರೆತುಹೋಗುತ್ತದೆ.

ನಿನಗೆ ಗೊತ್ತಿಲ್ಲ ಎಂದುಕೊಂಡಿರುವುದರಲ್ಲಿ ಎಷ್ಟೋ ನಿನಗೆ ಗೊತ್ತಿದೆ, ಹೆಸರು ಮಾತ್ರ ಬೇರೆ. ಜವವೇ ಸ್ಪೀಡ್, ವೇಗವೇ ವೆಲಾಸಿಟಿ, ವೇಗೋತ್ಕರ್ಷವೇ ಆಕ್ಸಿಲರೇಷನ್, ಸಂವೇಗವೇ ಮೊಮೆಂಟಮ್. ಹೈಸ್ಕೂಲಿನ ಕನ್ನಡ ವಿಜ್ಞಾನ ಪುಸ್ತಕವನ್ನು ಯಾರಿಗೂ ಕೊಟ್ಟುಬಿಡಬೇಡ, ಪಕ್ಕದಲ್ಲೇ ಇಟ್ಟುಕೊ. ಹೊಸ ಪದ ಬಂದಾಗ ‘ಇದು ನಾವು ಓದಿದ ಸಂವೇಗನೇ ಅಲ್ವಾ ಸರ್?’ ಅಂತ ಕೇಳಿದರೆ, ಅವರು ಹೌದು ಅಂದರೂ ಸಾಕು.

ಇಡೀ ಕ್ಲಾಸಿನ ಎದುರು ಎದ್ದು ನಿಲ್ಲಲೇಬೇಕೆಂದೇನಿಲ್ಲ. ಪ್ರಾಕ್ಟಿಕಲ್ ಇರುವ ದಿನ ಬ್ಯಾಚ್ ಚಿಕ್ಕದು, ಮೇಷ್ಟ್ರು ಟೇಬಲ್ಲಿನಿಂದ ಟೇಬಲ್ಲಿಗೆ ಬರುತ್ತಾರೆ. ನನ್ನ ಬಳಿ ಮಾತೇ ಆಡದ ಮಕ್ಕಳು ಬಾಯಿ ಬಿಟ್ಟದ್ದೆಲ್ಲ ಲ್ಯಾಬಿನಲ್ಲೇ. ನಿಮ್ಮ ಸರ್ ಅತಿಥಿ ಉಪನ್ಯಾಸಕರಾಗಿದ್ದರೆ ಪೀರಿಯಡ್ ಮುಗಿದ ಕೂಡಲೇ ಇನ್ನೊಂದು ಕಡೆಗೆ ಓಡಬೇಕಾಗಿರಬಹುದು. ಬಾಗಿಲಲ್ಲಿ ತಡೆಯುವ ಬದಲು ‘ಯಾವಾಗ ಬರಲಿ ಸರ್?’ ಎಂದು ಕೇಳು. ಜೊತೆಗೆ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಅವಳ ನೋಟ್ಸಿನಲ್ಲೂ ಚುಕ್ಕೆ ಇರುತ್ತದೆ.

ಅಲ್ಲೂ ಆಗಲಿಲ್ಲವೆಂದರೆ ನಿನ್ನ ಹೈಸ್ಕೂಲಿನ ವಿಜ್ಞಾನ ಟೀಚರ್ ಇದ್ದಾರಲ್ಲ? ಎಷ್ಟೋ ಊರುಗಳಲ್ಲಿ ಹೈಸ್ಕೂಲು, ಪಿಯು ಕಾಲೇಜು ಒಂದೇ ಕಾಂಪೌಂಡಿನಲ್ಲಿರುತ್ತವೆ. ಕನ್ನಡದ ಪದವೂ ಇಂಗ್ಲಿಷಿನ ಪದವೂ ಅವರಿಗೆ ಗೊತ್ತು, ನೀನೂ ಗೊತ್ತು. ಹಳೆಯ ವಿದ್ಯಾರ್ಥಿನಿ ಪುಸ್ತಕ ಹಿಡಿದು ಬಂದರೆ ಬೇಡ ಅನ್ನುವ ಮೇಷ್ಟ್ರನ್ನು ನಾನು ಕಂಡಿಲ್ಲ.

ಉಪನ್ಯಾಸಕ ಮಿತ್ರರು ಇದನ್ನು ಓದುತ್ತಿದ್ದರೆ ಒಂದು ಮಾತು. ‘ಅರ್ಥ ಆಯ್ತಾ?’ ಎಂದು ಕೇಳಿ, ‘ಹೂಂ ಸರ್’ ಎಂಬ ಒಕ್ಕೊರಲನ್ನು ನಂಬಿ ನಾನೂ ಎಷ್ಟೋ ವರ್ಷ ಮುಂದೆ ಹೋಗಿದ್ದೇನೆ. ‘ಯಾವ ಸಾಲಿನವರೆಗೆ ಬಂತು?’ ಎಂದು ಕೇಳಲು ಶುರು ಮಾಡಿದ ಮೇಲೆಯೇ ಮಕ್ಕಳು ಬಾಯಿ ಬಿಟ್ಟದ್ದು.

ಆರ್ಟ್ಸ್ ವಿಷಯ: ಇತಿಹಾಸ, ಅರ್ಥಶಾಸ್ತ್ರ ನಿನಗೆ ಇಷ್ಟವಿದ್ದರೆ ಸಂತೋಷವಾಗಿ ಹೋಗು, ಅದೇನೂ ಕಡಿಮೆಯ ಓದಲ್ಲ. ನಾಲ್ಕು ಜನ ನಕ್ಕರೆಂದು ಮಾತ್ರ ಹೋಗಬೇಡ. ರಾತ್ರಿ ನಿದ್ದೆ ಬಾರದಷ್ಟು, ಊಟ ಸೇರದಷ್ಟು ಸಂಕಟವಾಗುತ್ತಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡು. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಹೊಡೆದರೆ, ಹೀಯಾಳಿಸಿ ಪೀಡಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ. 18 ತುಂಬದವರೆಲ್ಲರಿಗೂ ಅದು.

ಇವತ್ತು ಸಂಜೆ ನೋಟ್ಸ್ ತೆಗೆ. ಚುಕ್ಕೆ ಯಾವ ಸಾಲಿನ ಪಕ್ಕ ಬಿತ್ತು ಎಂದು ನನಗೆ ಬರೆ. ನಿಮ್ಮ ಸರ್‌ಗೆ ಆ ದಿನ ಬಿಡುವಾಗದಿದ್ದರೆ ಆ ಸಾಲನ್ನು ನಾನೇ ಬಿಡಿಸಿ ಹೇಳುತ್ತೇನೆ.